ಹಡಗಿನಿಂದ ಇಳಿದ ಇಲಿ



ಇಲಿಯ ಉಪದ್ರವ ಎಂಥದು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕಣಜದ ಬುಡಕ್ಕೆ ಕನ್ನ ಕೊರೆದದ್ದನ್ನು ಕಂಡಿದ್ದೀರಿ. ಬಿತ್ತನೆಗೆ ಬೇಕು ಅಂತ ತೊಲೆಗೆ ಕಟ್ಟಿ ತೂಗುಬಿಟ್ಟ ಜೋಳದ ತೆನೆಯನ್ನು, ಹಗ್ಗ ಹಿಡಿದು ಇಳಿದುಬಂದು ತಿಂದುಹೋದದ್ದನ್ನೂ ಕಂಡಿದ್ದೀರಿ. ತೆಂಗಿನ ತೋಟ ಉಳ್ಳವರಾದರೆ, ತೂತು ಬಿದ್ದ ಎಳೆಗಾಯಿಗಳನ್ನು ಬೆಳಗಾಗೆದ್ದು ಮರದ ಬುಡದಲ್ಲಿ ಆಯ್ದು ಬೈದುಕೊಂಡಿದ್ದೀರಿ. ಆದರೆ ಇಲಿಯ ದೆಸೆಯಿಂದ ಒಂದು ಕಾಡಿಗೆ ಕಾಡೇ ಮೂಕವಾಗಿಹೋದ ಸಂಗತಿ ಕೇಳಿದ್ದೀರಾ? ಇವತ್ತು ಹೇಳಹೊರಟಿರುವುದು ಆ ಚರಿತ್ರೆ. ಇಲಿಗೂ ಒಂದು ಚರಿತ್ರೆಯೇ ಅಂತ ನಗಬೇಡಿ. ಇದರಲ್ಲಿ ಹಡಗು ಒಡೆದದ್ದುಂಟು, ಬೆಳೆ ಹೋದದ್ದುಂಟು, ಊರು ಎರಡು ಪಾಲಾಗಿ ಜಗಳಾಡಿದ್ದೂ ಉಂಟು.

ಮೊದಲು ಇಲಿಯ ಜಾತಿ ಯಾವುದು ಅಂತ ತಿಳಿದುಕೊಳ್ಳೋಣ. ಹೊಲದ ಬದುವಿನಲ್ಲಿ ಬಿಲ ತೋಡುವುದು ಬೇರೆ. ಗೋಡೆಯ ಬುಡ ಅಗೆಯುವ ಹೆಗ್ಗಣ ಬೇರೆ. ಹೆಂಚಿನ ಸಂದಿಯಲ್ಲಿ, ಅಟ್ಟದ ಮೇಲೆ, ರಾತ್ರಿಯೆಲ್ಲ ಓಡಾಡುವ, ಮೈಗಿಂತ ಬಾಲವೇ ಉದ್ದವಾದ ಮನೆಯಿಲಿ ಬೇರೆ. ಮರ ಹತ್ತುವುದರಲ್ಲಿ ಈ ಮೂರನೆಯದೇ ಗಟ್ಟಿಗ. ಇಂಗ್ಲಿಷಿನವರು ಇದನ್ನು ಕಪ್ಪು ಇಲಿ ಅನ್ನುತ್ತಾರೆ, ಮೈಬಣ್ಣ ಕಪ್ಪಿರಲಿ, ಕಂದಿರಲಿ. ಪ್ರಾಣಿಶಾಸ್ತ್ರ ಬಲ್ಲವರು ಹೇಳುವ ಪ್ರಕಾರ ಇದರ ತವರು ನಮ್ಮ ಭಾರತವೇ. ವ್ಯಾಪಾರದ ಹಾದಿ ಹಿಡಿದು, ಕಾಳಿನ ಮೂಟೆಗಳ ಜೊತೆಗೆ ಇದು ಪಶ್ಚಿಮದ ದೇಶಗಳಿಗೆ ಹೋಯಿತು. ರೋಮನರ ಕಾಲಕ್ಕಾಗಲೇ ಯುರೋಪಿನಲ್ಲಿ ಮನೆಮಾಡಿತ್ತು. ಆಮೇಲೆ ಯುರೋಪಿನವರ ಹಡಗು ಎಲ್ಲೆಲ್ಲಿಗೆ ಹೋಯಿತೋ ಅಲ್ಲಿಗೆಲ್ಲ ಇದೂ ಹೋಯಿತು. ನಮ್ಮ ಅಟ್ಟದ ಇಲಿಯ ನೆಂಟರು ಹೀಗೆ ಸಮುದ್ರದ ಮೂಲೆಮೂಲೆಯ ದ್ವೀಪಗಳಲ್ಲಿ ಇಳಿದರು.

ಅಂಥ ಒಂದು ದ್ವೀಪ ಲಾರ್ಡ್ ಹೌ. ಆಸ್ಟ್ರೇಲಿಯಾ ದೇಶದ ಪೂರ್ವ ಕರಾವಳಿಯಿಂದ ಸುಮಾರು 600 ಕಿಲೋಮೀಟರು ಸಮುದ್ರದೊಳಗೆ ಹೋದರೆ ಸಿಕ್ಕುತ್ತದೆ. ಉದ್ದ ಹತ್ತು ಹನ್ನೊಂದು ಕಿಲೋಮೀಟರು, ಅಗಲ ಬಹುಮಟ್ಟಿಗೆ ಎರಡಕ್ಕೂ ಕಡಿಮೆ. ಒಟ್ಟು ನೆಲ ಸುಮಾರು 3,600 ಎಕರೆ. ನಮ್ಮ ಕಡೆಯ ಎರಡು ಮೂರು ಹಳ್ಳಿಗಳ ಸರಹದ್ದು ಅನ್ನಿ. ದಕ್ಷಿಣದ ತುದಿಯಲ್ಲಿ ಎರಡು ಬೆಟ್ಟ. ದೊಡ್ಡದಕ್ಕೆ ಗೋವರ್ ಬೆಟ್ಟ ಅಂತ ಹೆಸರು; 875 ಮೀಟರು ಎತ್ತರ, ತಲೆಯ ಮೇಲೆ ಮೇಲಿಂದ ಮೇಲೆ ಮೋಡ ಕವಿದಿರುತ್ತದೆ. ಉಳಿದದ್ದು ಕಾಡು, ತಾಳೆತೋಪು, ಸ್ವಲ್ಪ ಮಟ್ಟಸವಾದ ನೆಲ.

1788ರ ಫೆಬ್ರವರಿಯಲ್ಲಿ ಇಂಗ್ಲಿಷರ ಒಂದು ಹಡಗಿನವರು ಈ ದ್ವೀಪವನ್ನು ಕಂಡರು. ಅದಕ್ಕೆ ಮುಂಚೆ ಅಲ್ಲಿ ಮನುಷ್ಯ ವಾಸವಾಗಿದ್ದ ಗುರುತೇ ಇಲ್ಲ. ಮನುಷ್ಯನಷ್ಟೇ ಅಲ್ಲ, ಇಲಿ ಇಲ್ಲ, ಬೆಕ್ಕಿಲ್ಲ, ಮುಂಗುಸಿ ಇಲ್ಲ, ನರಿ ಇಲ್ಲ. ಹಾವು ಕೂಡ ಇಲ್ಲ. ಮರಿಗೆ ಹಾಲೂಡುವ ಪ್ರಾಣಿ ಅಂದರೆ ನೆಲದ ಮೇಲೆ ಬಾವಲಿ ಜಾತಿ ಒಂದೇ. ಹಾಗಾದ ಮೇಲೆ ಹಕ್ಕಿಗೆ ಯಾರ ಭಯ? ನೆಲದಲ್ಲೇ ಬಿಲ ಮಾಡಿಕೊಂಡು ಮೊಟ್ಟೆಯಿಡುವ ಕಡಲಹಕ್ಕಿಗಳು ಅಲ್ಲಿ ಲೆಕ್ಕವಿಲ್ಲದಷ್ಟು. ಕೆಲವು ಹಕ್ಕಿಗಳಂತೂ ಹಾರುವುದನ್ನೇ ಬಿಟ್ಟುಬಿಟ್ಟಿದ್ದವು. ಆ ಮೊದಲ ವರ್ಷ ಇಳಿದ ನಾವಿಕರು ಕಾಡುಪಾರಿವಾಳಗಳನ್ನು ಬರೀ ದೊಣ್ಣೆಯಿಂದ ಹೊಡೆದು ಕೆಡವಿಕೊಂಡರು. ಹಕ್ಕಿ ಹಾರಿಹೋಗಲಿಲ್ಲ, ನೋಡುತ್ತ ಕೂತಿತ್ತು.

ಇದನ್ನು ಹಕ್ಕಿಯ ದಡ್ಡತನ ಅನ್ನಬೇಡಿ. ನಮ್ಮ ಗೀಜಗನ ಗೂಡು ನೋಡಿದ್ದೀರಲ್ಲ? ಬಾವಿಯ ಮೇಲೆ ಬಾಗಿದ ಜಾಲಿ ಕೊಂಬೆಯ ತುದಿಗೆ ತೂಗುಬಿಟ್ಟಿರುತ್ತದೆ, ಬಾಗಿಲು ಕೆಳಗಡೆಗೆ. ಹಾವು, ಇಲಿ, ಮುಂಗುಸಿಗಳ ನಡುವೆ ಲೆಕ್ಕವಿಲ್ಲದಷ್ಟು ತಲೆಮಾರು ಬಾಳಿ ಕಲಿತ ಪಾಠ ಅದು. ಆ ದ್ವೀಪದ ಹಕ್ಕಿಗೆ ಆ ಪಾಠ ಹೇಳುವ ಶತ್ರುವೇ ಇರಲಿಲ್ಲ. ಕಳ್ಳರೇ ಇಲ್ಲದ ಊರಿನಲ್ಲಿ ಕದಕ್ಕೆ ಅಗುಳಿ ಯಾಕೆ ಹಾಕಿಯಾರು?

1834ರಲ್ಲಿ ಜನ ಅಲ್ಲಿ ಬೀಡುಬಿಟ್ಟರು. ಹಂದಿ, ಆಡು, ಬೆಕ್ಕು ಬಂದವು. ಹಾರಲಾಗದ ಒಂದು ಬಿಳಿ ನೀರುಕೋಳಿ, ಮೊದಲು ಹೇಳಿದ ಆ ಪಾರಿವಾಳ, ಇವನ್ನೆಲ್ಲ ಹಡಗಿನವರೂ ಬೇಟೆಗಾರರೂ ಕೂಡಿ ಮುಗಿಸಿಬಿಟ್ಟರು. ಸುಂಡಿಲಿಯೂ ಹೇಗೋ ಬಂದು ಸೇರಿತು. ಇಷ್ಟೆಲ್ಲ ಆದರೂ ಕಾಡಿನಲ್ಲಿ ಹಾಡುವ ಹಕ್ಕಿಗಳು ತುಂಬಿಕೊಂಡೇ ಇದ್ದವು. ಮರ ಹತ್ತುವ ದೊಡ್ಡ ಇಲಿ ಇನ್ನೂ ಬಂದಿರಲಿಲ್ಲ.

ಜನರ ಜೀವನೋಪಾಯದ ಮಾತು ಇಲ್ಲಿ ಹೇಳಿಬಿಡಬೇಕು, ಯಾಕೆಂದರೆ ಅದು ನಿಮ್ಮಂಥ ಬೆಳೆಗಾರರ ಕಥೆಯೇ. ಈ ದ್ವೀಪದಲ್ಲಿ ಕೆಂಟಿಯಾ ಅನ್ನುವ ಒಂದು ತಾಳೆ ಬೆಳೆಯುತ್ತದೆ. ಅದರ ತವರು ಈ ದ್ವೀಪ ಮಾತ್ರ. ಮೊದಮೊದಲು ಅದರ ಗರಿಯನ್ನು ಮನೆಗೆ ಹೊದಿಸುತ್ತಿದ್ದರು, ಅಷ್ಟೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನ ಶ್ರೀಮಂತರಿಗೆ ಕುಂಡದಲ್ಲಿ ತಾಳೆ ಬೆಳೆಸುವ ಗೀಳು ಹಿಡಿಯಿತು. ಕೆಂಟಿಯಾ ನೆರಳಿನಲ್ಲೂ ಬದುಕುತ್ತದೆ, ಚಳಿಯನ್ನೂ ತಡೆಯುತ್ತದೆ. ಹಾಗಾಗಿ ಅರಮನೆಯಲ್ಲಿ, ಹೋಟೆಲಿನಲ್ಲಿ ಎಲ್ಲೆಲ್ಲೂ ಅದಕ್ಕೇ ಬೇಡಿಕೆ. ದ್ವೀಪದವರು ಮರ ಹತ್ತಿ ಬೀಜದ ಗೊನೆ ಇಳಿಸಿ, ಬಿಡಿಸಿ, ಮೂಟೆ ಕಟ್ಟಿ ಹಡಗಿಗೆ ಹಾಕುತ್ತಿದ್ದರು. ಊರಿನ ಕುಟುಂಬಗಳಿಗೆ ಈ ವ್ಯಾಪಾರದಲ್ಲಿ ಪಾಲು ಇತ್ತು. 1913ರಲ್ಲಿ ಈ ಬೀಜದ ವ್ಯವಹಾರ ನೋಡಿಕೊಳ್ಳುವುದಕ್ಕೇ ಒಂದು ಮಂಡಲಿಯನ್ನೂ ಸರ್ಕಾರ ನೇಮಿಸಿತು. ಉಪ್ಪು, ಬಟ್ಟೆ, ಹಿಟ್ಟು, ಎಲ್ಲದಕ್ಕೂ ಕಾಸು ಬರುತ್ತಿದ್ದದ್ದು ಹೆಚ್ಚಾಗಿ ಆ ಬೀಜದಿಂದ.

ಈಗ ಹಡಗಿನ ವಿಚಾರ. 1918ನೆಯ ಇಸವಿ, ಜೂನ್ ತಿಂಗಳು. ಯುರೋಪಿನಲ್ಲಿ ಮೊದಲನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಮಕಾಂಬೊ ಎಂಬ ಉಗಿಹಡಗು ಜನರನ್ನೂ ಸಾಮಾನನ್ನೂ ಹೊತ್ತು ದ್ವೀಪಗಳ ಕಡೆಗೆ ಬರುತ್ತಿತ್ತು. ಲಾರ್ಡ್ ಹೌ ದ್ವೀಪದ ಉತ್ತರ ತುದಿಯಲ್ಲಿ ಅದು ಬಂಡೆಗೆ ಬಡಿಯಿತು. ತಳ ಒಡೆದು ನೀರು ನುಗ್ಗಿತು. ಒಂದು ದೋಣಿ ಮಗುಚಿ ಪ್ರಯಾಣಿಕರಲ್ಲಿ ಒಬ್ಬ ಹೆಣ್ಣುಮಗಳು ಮುಳುಗಿಹೋದಳು. ಪೂರ್ತಿ ಮುಳುಗಬಾರದು ಅಂತ ಹಡಗನ್ನು ನೆಡ್ ದಂಡೆ ಎಂಬ ಮರಳಿನ ತೀರಕ್ಕೆ ಏರಿಸಿ ನಿಲ್ಲಿಸಿದರು. ಭಾರ ಇಳಿಸಿ, ಒಡೆದದ್ದನ್ನು ಮುಚ್ಚಿ, ಮತ್ತೆ ತೇಲಿಸಲು ಒಂಬತ್ತು ದಿವಸ ಹಿಡಿಯಿತು. ಆಮೇಲೆ ಹಡಗು ಹೊರಟುಹೋಯಿತು. ಅದರ ಹೊಟ್ಟೆಯಲ್ಲಿದ್ದ ಇಲಿಗಳಲ್ಲಿ ಕೆಲವು ಹೋಗಲಿಲ್ಲ.

(ಆ ಹಡಗಿನ ಗತಿ ಏನಾಯಿತು ಅಂತ ಕೇಳುವವರಿದ್ದಾರು. ಮುಂದೆ ಅದನ್ನು ಜಪಾನಿನವರಿಗೆ ಮಾರಿದರು, ಹೆಸರೂ ಬದಲಾಯಿತು. 1944ರಲ್ಲಿ ಇನ್ನೊಂದು ಮಹಾಯುದ್ಧದಲ್ಲಿ ಬ್ರಿಟಿಷರ ಜಲಾಂತರ್ಗಾಮಿಯ ಏಟು ತಿಂದು ಮುಳುಗಿತು.)

ಎಷ್ಟು ಇಲಿ ಇಳಿದವು? ಎಣಿಸಿದವರು ಯಾರು! ಗರ್ಭ ಕಟ್ಟಿದ ಒಂದೇ ಒಂದು ಹೆಣ್ಣು ಸಾಕು. ಮೂರು ವಾರಕ್ಕೆ ಈಯುತ್ತದೆ, ಒಂದು ಸಲಕ್ಕೆ ಆರೇಳು ಮರಿ. ಆ ಮರಿಗಳು ಮೂರು ನಾಲ್ಕು ತಿಂಗಳಿಗೆ ತಾವೇ ಮರಿ ಹಾಕಲು ತಯಾರು. ನಮ್ಮಲ್ಲಾದರೆ ಹಾವು, ಗೂಬೆ, ಮುಂಗುಸಿ, ಬೆಕ್ಕು ಸೇರಿ ಸ್ವಲ್ಪವಾದರೂ ಹತೋಟಿಯಲ್ಲಿ ಇಡುತ್ತವೆ. ಅಲ್ಲಿ ಹಿಡಿಯುವವರಿಲ್ಲ, ಮೇವು ಮಾತ್ರ ಬೇಕಾದಷ್ಟು. ಮರದ ಮೇಲೆ ಬೀಜ, ಗೂಡಿನಲ್ಲಿ ಮೊಟ್ಟೆ, ಎಲೆಯ ಕೆಳಗೆ ಹುಳು, ಬಸವನಹುಳು. ಹಕ್ಕಿ ರಾತ್ರಿ ಕಾವು ಕೂತಿರುವಾಗ ಇಲಿ ಬರುತ್ತದೆ. ಇದು ಶತ್ರು ಅನ್ನುವುದು ಹಕ್ಕಿಗೆ ಗೊತ್ತಿಲ್ಲ.

ಮೂರೇ ವರ್ಷ ಕಳೆದು, 1921ರಲ್ಲಿ, ಆಸ್ಟ್ರೇಲಿಯಾದ ವಸ್ತುಸಂಗ್ರಹಾಲಯದ ಅಲನ್ ಮಕಲಕ್ ಎಂಬ ಪ್ರಾಣಿಶಾಸ್ತ್ರಜ್ಞರು ದ್ವೀಪದ ಸ್ಥಿತಿಯನ್ನು ಬರೆದಿಟ್ಟರು. ಅವರು ಮೊದಲಿನ ಕಾಡನ್ನೂ ಕಂಡು ಬಲ್ಲವರು. ಹಾಡಿನಿಂದ ತುಂಬಿದ್ದ ಕಾಡು ಸತ್ತ ಮನೆಯ ಹಾಗೆ ಆಗಿದೆ ಎಂಬುದು ಅವರ ಬರಹದ ಸಾರ. ಮುಂದೆ ಹತ್ತು ವರ್ಷ ತುಂಬುವುದರೊಳಗಾಗಿ ಐದು ಬಗೆಯ ಹಕ್ಕಿಗಳು ಅಳಿದವು. ಒಂದು, ನೆಲದ ಮೇಲೆ ಕುಪ್ಪಳಿಸಿ ಹುಳು ಹೆಕ್ಕುವ ಸಿಳ್ಳಾರ. ಒಂದು, ನಮ್ಮ ಕಬ್ಬಕ್ಕಿಯ ಜಾತಿಯದು. ಒಂದು, ಬಾಲವನ್ನು ಬೀಸಣಿಗೆಯಂತೆ ಬಿಚ್ಚುವ ನೊಣಹಿಡುಕ. ಒಂದು, ಕಣ್ಣ ಸುತ್ತ ಬಿಳಿ ಉಂಗುರ ಇರುವ ಬೆಳ್ಗಣ್ಣ. ಇನ್ನೊಂದು ಪುಟ್ಟ ಉಲಿಯಕ್ಕಿ. ಮಳೆ ಬಿದ್ದು ನಿಂತಾಗ ಹಾಡುತ್ತಿದ್ದದ್ದರಿಂದ ಊರವರು ಅದನ್ನು ಮಳೆಹಕ್ಕಿ ಅಂತ ಕರೆಯುತ್ತಿದ್ದರಂತೆ. ಐದೂ ಆ ದ್ವೀಪ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇದ್ದ ಬಗೆಗಳಲ್ಲ. ಈಗ ಅವುಗಳ ಒಣಗಿಸಿಟ್ಟ ತೊಗಲು ವಸ್ತುಸಂಗ್ರಹಾಲಯಗಳ ಪೆಟ್ಟಿಗೆಗಳಲ್ಲಿ ಉಂಟು, ಅಷ್ಟೆ.

ಇಲಿಯಿಂದಲೇ ಇದು ಆಯಿತು ಅನ್ನುವುದನ್ನು ಬಹುಕಾಲ ಅನೇಕ ವಿದ್ವಾಂಸರೂ ಪೂರ್ತಿ ನಂಬಿರಲಿಲ್ಲ. ನ್ಯೂಜಿಲೆಂಡಿನ ದಕ್ಷಿಣದಲ್ಲಿ ಬಿಗ್ ಸೌತ್ ಕೇಪ್ ಎಂಬ ದ್ವೀಪಕ್ಕೆ ಇದೇ ಇಲಿ ನುಗ್ಗಿ, 1964ರಲ್ಲಿ ಕಣ್ಣೆದುರೇ ಹಕ್ಕಿಗಳು ನಾಶವಾದಾಗ ಅವರಿಗೆ ಮನವರಿಕೆಯಾಯಿತು. ಅಲ್ಲಿ ಅಧಿಕಾರಿಗಳು ಓಡಿಹೋಗಿ, ಬೆನ್ನ ಮೇಲೆ ತಡಿಯಂಥ ಕಂದು ಗುರುತಿರುವ ಒಂದು ಹಕ್ಕಿಯಲ್ಲಿ 36ನ್ನು ಹಿಡಿದು ಇಲಿಯಿಲ್ಲದ ಬೇರೆ ದ್ವೀಪಗಳಿಗೆ ಒಯ್ದು ಬಿಟ್ಟರು. ಆ ಜಾತಿ ಉಳಿಯಿತು. ಜೊತೆಗಿದ್ದ ಇನ್ನೆರಡು ಬಗೆಯ ಹಕ್ಕಿ ಉಳಿಯಲಿಲ್ಲ. ಲಾರ್ಡ್ ಹೌ ದ್ವೀಪದಲ್ಲಿ 1918ರಲ್ಲಿ ಹಾಗೆ ಓಡಿಬರುವವರು ಯಾರೂ ಇರಲಿಲ್ಲ.

ಹಕ್ಕಿಯ ಜೊತೆಗೆ ಬೆಳೆಯೂ ಹೋಯಿತು. ಕೆಂಟಿಯಾ ಬೀಜ ಗೊನೆಯಲ್ಲಿ ಹಣ್ಣಾಗಲು ವರ್ಷಗಟ್ಟಲೆ ಬೇಕು. ಅಷ್ಟು ದಿವಸ ಕಾದು ಕೂತ ಬೀಜವನ್ನು ಇಲಿ ಮರದ ಮೇಲೇ ಕಡಿಯತೊಡಗಿತು. ಊರವರು ಸುಮ್ಮನೆ ಕೂರಲಿಲ್ಲ. ನಾಯಿ ಕಟ್ಟಿಕೊಂಡು ಇಲಿಬೇಟೆ ನಡೆಸಿದರು. ಇಲಿ ಕೊಂದು ಬಾಲ ತಂದವರಿಗೆ ಬಾಲಕ್ಕೆ ಇಷ್ಟು ಅಂತ ಇನಾಮು ಗೊತ್ತುಮಾಡಿದರು. ಬಾಲಗಳು ಬಂದವು, ಇನಾಮೂ ಹೋಯಿತು. ಇಲಿ ಮಾತ್ರ ಕಡಿಮೆಯಾಗಲಿಲ್ಲ. ಊರ ಹತ್ತಿರ ಹಿಡಿಯಬಹುದು; ಮೋಡ ಕವಿದ ಬೆಟ್ಟದ ಕೊರಕಲಿನಲ್ಲಿ ಹಿಡಿಯುವವರು ಯಾರು? ಅಲ್ಲಿಂದ ಮತ್ತೆ ಇಳಿದುಬರುತ್ತಿದ್ದವು.

ಆಗ ಇನ್ನೊಂದು ಉಪಾಯ ತೋರಿತು. ಇಲಿಗೆ ಗೂಬೆ ಶತ್ರುವಲ್ಲವೆ? ನಾವೂ ಒಂದು ಗೂಬೆಗೆ ಕಣಜಗೂಬೆ ಅಂತಲೇ ಹೆಸರಿಟ್ಟಿದ್ದೇವೆ. ಅದರ ದಾಯಾದಿಯಾದ ದೊಡ್ಡ ಗೂಬೆಯನ್ನು ಟಾಸ್ಮೇನಿಯಾದಿಂದ ತರಿಸಿದರು, ಬೇರೆ ಜಾತಿಯವನ್ನೂ ತರಿಸಿದರು. 1920ರ ದಶಕದಲ್ಲಿ ಹೀಗೆ ಸುಮಾರು ನೂರು ಗೂಬೆ ದ್ವೀಪಕ್ಕೆ ಬಂದವು. ಗೂಬೆ ಇಲಿ ತಿಂದಿತು, ಸುಳ್ಳಲ್ಲ. ಆದರೆ ಗೂಬೆಗೆ ನಾವು ಹೇಳಿದ್ದನ್ನೇ ತಿನ್ನಬೇಕು ಅಂತ ಕಟ್ಟಳೆ ಉಂಟೇ? ಅಳಿದುಳಿದ ಹಕ್ಕಿಯನ್ನೂ ಹಿಡಿಯಿತು. ಕಡೆಗೆ ಗೂಬೆಯೇ ಒಂದು ಪೀಡೆ ಅಂತ ಅದನ್ನು ತೆಗೆಯುವ ಕೆಲಸವೂ ಮೈಮೇಲೆ ಬಿತ್ತು. ನಮ್ಮ ಮುಂಗುಸಿಗೂ ಇಂಥದೇ ಕಥೆ ಉಂಟು. 1872ರಲ್ಲಿ ಕಲ್ಕತ್ತೆಯ ಕಡೆಯಿಂದ ಒಂಬತ್ತು ಮುಂಗುಸಿಗಳನ್ನು ಜಮೈಕಾ ದ್ವೀಪದ ಕಬ್ಬಿನ ತೋಟಕ್ಕೆ ಇಲಿ ಕೊಲ್ಲಲು ಒಯ್ದರು. 1883ರಲ್ಲಿ ಅಲ್ಲಿಂದ ಅವುಗಳ ಸಂತಾನವನ್ನು ಹವಾಯಿ ದ್ವೀಪಗಳಿಗೆ ಒಯ್ದರು. ಇಲಿ ರಾತ್ರಿ ಓಡಾಡುತ್ತದೆ, ಮುಂಗುಸಿ ಹಗಲು. ಹಗಲು ಸಿಕ್ಕುವುದು ನೆಲದ ಹಕ್ಕಿ, ಅದರ ಮೊಟ್ಟೆ, ಸಾಕಿದ ಕೋಳಿ. ಯೋಚನೆ ಮಾಡಿದವರು ಕಬ್ಬು ಬೆಳೆಯುವುದರಲ್ಲಿ ಬುದ್ಧಿವಂತರೇ. ಮುಂಗುಸಿಯ ದಿನಚರಿ ತಿಳಿದಿದ್ದ ಒಬ್ಬ ಹಳ್ಳಿಯವನನ್ನು ಕೇಳಿದ್ದರೆ ಸಾಕಾಗಿತ್ತು ಅನ್ನಿಸುತ್ತದೆ ನನಗೆ.

ಹಾಗೆಯೇ ಹೋದ ಇನ್ನೊಂದು ಜೀವ ಕಡ್ಡಿಹುಳು. ಒಣಗಿದ ಕಡ್ಡಿಯಂತೆ ಕೂರುವ ಹುಳು ನಮ್ಮ ಬೇಲಿಯಲ್ಲೂ ಉಂಟು, ಆದರೆ ಅಲ್ಲಿಯದು ದಪ್ಪ, ಕರಿ, ಅಂಗೈಯಷ್ಟು ಉದ್ದ, ರೆಕ್ಕೆಯಿಲ್ಲ. ಮೊದಲು ಎಷ್ಟು ಇದ್ದವೆಂದರೆ ಮೀನು ಹಿಡಿಯುವವರು ಗಾಳಕ್ಕೆ ಅದನ್ನೇ ಚುಚ್ಚುತ್ತಿದ್ದರು. ಹಡಗು ಬಂದುಹೋದ ಎರಡು ಮೂರು ವರ್ಷದೊಳಗೆ ಒಂದೂ ಕಾಣದಾಯಿತು. ಎಲ್ಲರೂ ಅಳಿಯಿತು ಅಂತಲೇ ಬರೆದರು. ಲಾರ್ಡ್ ಹೌ ದ್ವೀಪಕ್ಕೆ 23 ಕಿಲೋಮೀಟರು ದೂರದಲ್ಲಿ ಬಾಲ್ ಪಿರಮಿಡ್ ಎಂಬ ಒಂಟಿ ಬಂಡೆ ಸಮುದ್ರದಿಂದ ನೇರ ಮೇಲೆದ್ದು ನಿಂತಿದೆ, 550 ಮೀಟರಿನಷ್ಟು ಎತ್ತರ. ಅಲ್ಲಿಗೆ ಇಲಿ ಹೋಗಿರಲಿಲ್ಲ. 2001ರಲ್ಲಿ ಕೆಲವರು ಅದನ್ನು ಹತ್ತಿದಾಗ ಒಂದು ಪೊದೆಯ ಕೆಳಗೆ ಹುಳುವಿನ ಹಸಿ ಹಿಕ್ಕೆ ಕಂಡರು. ರಾತ್ರಿ ದೀಪ ಹಿಡಿದು ಮತ್ತೆ ಹತ್ತಿದರು. ಹುಳು ಇತ್ತು! ಇಡೀ ಲೋಕದಲ್ಲಿ ಉಳಿದಿದ್ದದ್ದು ಆ ಪೊದೆಯ ಆಸುಪಾಸಿನ ಇಪ್ಪತ್ತು ಮೂವತ್ತು. 2003ರಲ್ಲಿ ಎರಡು ಜೋಡಿಯನ್ನು ಇಳಿಸಿ ತಂದರು. ಮೆಲ್ಬರ್ನ್ ನಗರದ ಮೃಗಾಲಯಕ್ಕೆ ಬಂದ ಜೋಡಿಯ ಹೆಣ್ಣು ಕಾಯಿಲೆ ಬಿದ್ದಾಗ, ಸುಣ್ಣದ ಅಂಶವನ್ನೂ ಮಕರಂದವನ್ನೂ ಕಲಸಿ ತೊಟ್ಟುತೊಟ್ಟಾಗಿ ಬಾಯಿಗೆ ಬಿಟ್ಟು ಬದುಕಿಸಿದರು. ಒಂದು ಹುಳುವಿಗೆ ಬಾಣಂತಿಯ ಆರೈಕೆ! ಈಗ ಸಾಕಣೆಯಲ್ಲಿ ಅದರ ಸಂತತಿ ಸಾವಿರಾರು ಆಗಿದೆ.

"ಹುಳು ಹೋದರೆ ನಷ್ಟವೇನು, ಹಕ್ಕಿ ಹೋದರೆ ನಷ್ಟವೇನು, ಬೀಜ ಹೋದದ್ದೇ ದೊಡ್ಡ ನಷ್ಟ" ಅಂತ ಯಾರಾದರೂ ಹೇಳಬಹುದು. ಗೊಬ್ಬರದ ಬೆಲೆ ಗೊತ್ತಿದ್ದವರು ಹಾಗೆ ಹೇಳಲಾರರು. ಕಡಲಹಕ್ಕಿ ದೂರದ ಸಮುದ್ರದಲ್ಲಿ ಮೀನು ತಿಂದು ರಾತ್ರಿ ದ್ವೀಪಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಹೊಲಕ್ಕೆ ಕುರಿ ಮಂದೆ ನಿಲ್ಲಿಸುತ್ತೀರಲ್ಲ, ಹಾಗೆ. ನಮ್ಮ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ಕೆಲವಕ್ಕೆ ಇಲಿ ಬಂದಿವೆ, ಕೆಲವಕ್ಕೆ ಬಂದಿಲ್ಲ. ವಿಜ್ಞಾನಿಗಳು ಎರಡನ್ನೂ ಹೋಲಿಸಿ 2018ರಲ್ಲಿ ಲೆಕ್ಕ ಪ್ರಕಟಿಸಿದರು. ಇಲಿಯಿಲ್ಲದ ದ್ವೀಪಗಳಲ್ಲಿ ಕಡಲಹಕ್ಕಿ 760 ಪಟ್ಟು ಹೆಚ್ಚು. ಹಿಕ್ಕೆಯಿಂದ ನೆಲಕ್ಕೆ ಸೇರುವ ಸಾರಜನಕ 251 ಪಟ್ಟು ಹೆಚ್ಚು. ಆ ಸಾರ ಮಳೆನೀರಿನಲ್ಲಿ ಹರಿದು ಸಮುದ್ರ ಸೇರಿ, ಹವಳದ ದಿಬ್ಬದ ಸುತ್ತ ಮೀನಿನ ತೂಕವೂ ಹತ್ತಿರ ಹತ್ತಿರ ಒಂದೂವರೆಯಷ್ಟು ಇತ್ತು. ಇಲಿ ಮೊಟ್ಟೆ ತಿಂದದ್ದಕ್ಕೆ ನೀರಿನ ಮೀನು ಬಡವಾಯಿತು ನೋಡಿ.

ಮತ್ತೆ ಲಾರ್ಡ್ ಹೌ ದ್ವೀಪಕ್ಕೆ ಬರೋಣ. ಹಂದಿಗಳ ಕಾಟದಿಂದ ಬೆಟ್ಟದ ನೆತ್ತಿ ಸೇರಿದ್ದ ಒಂದು ಹಾರಲಾರದ ಹಕ್ಕಿ ಇತ್ತು. ನಮ್ಮ ಕೆರೆ ದಂಡೆಯ ಹುಂಡುಕೋಳಿಯ ಬಳಗದ್ದು. 1980ರ ಹೊತ್ತಿಗೆ ಮೂವತ್ತರಷ್ಟು ಉಳಿದಿದ್ದವು. ಹಂದಿಗಳನ್ನು ತೆಗೆದು, ಹಕ್ಕಿಯನ್ನು ಗೂಡಿನಲ್ಲಿ ಸಾಕಿ ಮರಿ ಮಾಡಿಸಿ ಕಾಡಿಗೆ ಬಿಟ್ಟು, ಅದನ್ನು ಉಳಿಸಿಕೊಂಡರು. ಆದರೆ ಇಲಿ ಇರುವತನಕ ಯಾವುದೂ ಪೂರ್ತಿ ಚೇತರಿಸಿಕೊಳ್ಳುವ ಹಾಗಿರಲಿಲ್ಲ. ಗೋವರ್ ಬೆಟ್ಟದ ಮೇಲಿನ ಒಂದು ಗಿಡ್ಡ ತಾಳೆಯ ಬೀಜವನ್ನು ಇಲಿ ಉಳಿಸುತ್ತಲೇ ಇರಲಿಲ್ಲ. ಮುದಿಮರಗಳು ಇದ್ದವು, ಸಸಿಗಳಿಲ್ಲ. ಮನೆಯಲ್ಲಿ ಅಜ್ಜ ಅಜ್ಜಿ ಮಾತ್ರ ಇದ್ದು ಮಕ್ಕಳಿಲ್ಲದ ಹಾಗೆ.

ಪಾಷಾಣ ಹಾಕಿರಲಿಲ್ಲವೆ ಅಂತ ಕೇಳುತ್ತೀರಿ. ಎಷ್ಟೋ ವರ್ಷದಿಂದ ಹಾಕುತ್ತಲೇ ಇದ್ದರು, ವಾರ್ಫರಿನ್ ಎಂಬುದನ್ನು. ಅದರಿಂದ ಇಲಿಯ ಸಂಖ್ಯೆ ತಗ್ಗುತ್ತದೆ, ತೀರುವುದಿಲ್ಲ. ಮೇಲಾಗಿ ಸುಂಡಿಲಿಗಳಿಗೆ ಆ ಔಷಧ ಒಗ್ಗಿಹೋಗಿ, ತಿಂದರೂ ಸಾಯದಾದವು. 2001ರ ಸುಮಾರಿಗೆ ಒಂದು ಮಾತು ಎದ್ದಿತು: ಒಂದೇ ಸಲಕ್ಕೆ, ಇಡೀ ದ್ವೀಪದಲ್ಲಿ, ಒಂದೂ ಬಿಡದಂತೆ ಮುಗಿಸಬೇಕು. ಇಲಿ, ಸುಂಡಿಲಿ ಸೇರಿ ಮೂರು ಲಕ್ಷಕ್ಕೂ ಹೆಚ್ಚು ಅಂತ ಅಂದಾಜು. ಊರಿನ ಜನ ಮುನ್ನೂರೈವತ್ತರ ಆಸುಪಾಸು!

ಅಲ್ಲಿಂದ ಶುರುವಾಯಿತು ಜಗಳ. ಇದನ್ನು ನಾನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ, ಯಾಕೆಂದರೆ ಹಳ್ಳಿಯಲ್ಲಿ ಬಾಳುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಇಡೀ ನೆಲಕ್ಕೆ ವಿಷ ಚೆಲ್ಲಿದರೆ ಅಂಗಳದಲ್ಲಿ ಆಡುವ ಮಕ್ಕಳ ಗತಿ ಏನು ಅಂದರು ತಾಯಂದಿರು. ದನ, ಕೋಳಿ, ನಾಯಿ ಏನಾಗಬೇಕು ಅಂದರು ಸಾಕಿದವರು. ವಿಷದ ಸುದ್ದಿ ಹಬ್ಬಿದರೆ ಪ್ರವಾಸಿಗರು ಬರುತ್ತಾರೆಯೇ ಅಂದರು ವಸತಿಗೃಹ ಇಟ್ಟವರು. ಹಕ್ಕಿ ಉಳಿಸುತ್ತೇವೆ ಅಂತ ಹಕ್ಕಿಯನ್ನೇ ಕೊಂದೀರಿ ಅಂದರು ಇನ್ನು ಕೆಲವರು. ಇವರು ಹೆಡ್ಡರೂ ಅಲ್ಲ, ಕೆಟ್ಟವರೂ ಅಲ್ಲ. ಹಿಂದೆ ಗೂಬೆ ತಂದವರೂ ಒಳ್ಳೆಯದಾಗುತ್ತದೆ ಅಂತಲೇ ತಂದಿದ್ದರಲ್ಲವೆ? ಒಮ್ಮೆ ಮೋಸಹೋದವರಿಗೆ ಎರಡನೆಯ ಸಲ ಅನುಮಾನ ಬರುವುದು ಸಹಜ. 2015ರಲ್ಲಿ ಊರವರ ಅಭಿಪ್ರಾಯ ತೆಗೆದುಕೊಂಡರು. ನೂರಕ್ಕೆ 52 ಮಂದಿ ಆಗಲಿ ಅಂದರು, 48 ಮಂದಿ ಬೇಡ ಅಂದರು. ದಿನಬೆಳಗಾದರೆ ಒಬ್ಬರ ಮುಖ ಒಬ್ಬರು ನೋಡಲೇಬೇಕಾದ ಪುಟ್ಟ ಊರಿನಲ್ಲಿ ಈ ಎರಡು ಪಾಲು ಎಷ್ಟು ನೋವು ತಂದಿರಬೇಕು, ನೀವೇ ಊಹಿಸಿ.

ಕೆಲಸ ನಡೆದದ್ದು 2019ರಲ್ಲಿ, ಅಲ್ಲಿಯ ಚಳಿಗಾಲವಾದ ಜೂನ್ ತಿಂಗಳ ನಂತರ. ಆಗ ಕಾಡಿನಲ್ಲಿ ಮೇವು ಕಡಿಮೆ. ಹಸಿದ ಇಲಿ ಬಾಯಿ ಹಾಕುತ್ತದೆ. ಕಡಲಹಕ್ಕಿಗಳಲ್ಲೂ ಎಷ್ಟೋ ಬಗೆಯವು ಊರುಬಿಟ್ಟಿರುತ್ತವೆ. ಮೊದಲು ಆ ಹಾರಲಾರದ ಹುಂಡುಕೋಳಿ ಬಳಗದ ಹಕ್ಕಿಗಳಲ್ಲಿ ಬಹುಪಾಲನ್ನೂ, ಕಾಗೆಯಂಥ ಇನ್ನೊಂದು ಹಕ್ಕಿಯಲ್ಲಿ ನೂರಕ್ಕೂ ಮೇಲನ್ನೂ ಹಿಡಿದು, ಮೃಗಾಲಯದವರ ಉಸ್ತುವಾರಿಯಲ್ಲಿ ಗೂಡುಗಳಲ್ಲಿ ಕಾಪಾಡಿದರು. ಬೆಟ್ಟಕ್ಕೂ ಕಾಡಿಗೂ ಹೆಲಿಕಾಪ್ಟರಿಗೆ ತೂಗುಬಿಟ್ಟ ಬಾನಿಯಿಂದ ವಿಷದ ಗುಳಿಗೆ ಚೆಲ್ಲಿದರು. ಊರೊಳಗೆ ಕೈಯಿಂದ ಹಾಕಿದರು. ಮನೆ, ಕೊಟ್ಟಿಗೆ, ತೋಟಗಳಲ್ಲಿ ಬೀಗ ಹಾಕುವ ಸಣ್ಣ ಸಣ್ಣ ಪೆಟ್ಟಿಗೆಗಳನ್ನು ಸಾವಿರಗಟ್ಟಲೆ ಇಟ್ಟರು.

ವಿಷದ ಬಗ್ಗೆ ಒಂದು ಮಾತು. ಸತುವಿನ ಫಾಸ್ಫೈಡು ತಿಂದ ಇಲಿ ಅಂದೇ ಸಾಯುತ್ತದೆ. ಸ್ವಲ್ಪವೇ ಮೂಸಿ ತಿಂದು ನರಳಿ ಬದುಕಿದ್ದು ಮತ್ತೆ ಆ ತಿಂಡಿಯ ಹತ್ತಿರ ಸುಳಿಯುವುದಿಲ್ಲ. ಹಾಗಾಗಿಯೇ ಬಲ್ಲ ರೈತರು ಮೊದಲ ಒಂದೆರಡು ದಿನ ಬರೀ ಕಾಳು ಇಟ್ಟು ರುಚಿ ಹಚ್ಚಿ, ಆಮೇಲೆ ವಿಷ ಬೆರೆಸುತ್ತಾರೆ. ಅಲ್ಲಿ ಹಾಕಿದ್ದು ರಕ್ತ ಹೆಪ್ಪುಗಟ್ಟದಂತೆ ಮಾಡುವ ಜಾತಿಯ ಔಷಧ. ತಿಂದು ಹಲವು ದಿನ ಕಳೆದ ಮೇಲೆ ಸಾವು. ಯಾವುದರಿಂದ ಸತ್ತಿತು ಅಂತ ಇಲಿಗೆ ತಿಳಿಯುವುದಿಲ್ಲ. ಒಂದೇ ಒಂದು ಜೋಡಿ ಉಳಿದರೂ ಮತ್ತೆ ಮೊದಲಿಗೇ ಬರುವ ಕೆಲಸಕ್ಕೆ ಇಂಥದೇ ಬೇಕಾಗಿತ್ತು.

ಆ ವರ್ಷ ಮುಗಿಯುವುದರೊಳಗೆ ದ್ವೀಪ ಬೇರೆಯೇ ಆಗತೊಡಗಿತು. ಬಿಲದಲ್ಲಿ ಮೊಟ್ಟೆಯಿಡುವ ಒಂದು ಕಡಲಹಕ್ಕಿಯ ಗೂಡುಗಳಲ್ಲಿ, ಮೊದಲು ನೂರಕ್ಕೆ ಮೂರರಲ್ಲೂ ಮರಿ ಉಳಿಯುತ್ತಿರಲಿಲ್ಲ. ಈಗ ಅರ್ಧಕ್ಕೂ ಹೆಚ್ಚಿನ ಗೂಡುಗಳಲ್ಲಿ ಮರಿ ಬೆಳೆದು ಹಾರಿತು. ತಾಳೆಯ ಬುಡದಲ್ಲಿ ಸಸಿ ಎದ್ದವು.

ಹಾಗಿರುವಾಗ 2021ರ ಏಪ್ರಿಲಿನಲ್ಲಿ ಊರ ಹತ್ತಿರ ಎರಡು ಇಲಿ ಕಂಡವು. ಒಂದು ಗಂಡು, ಒಂದು ಗಬ್ಬದ ಹೆಣ್ಣು. ಎಂಥ ಎದೆಯೊಡೆತ ಆಗಿರಬೇಡ! ಮತ್ತೆ ಬಲೆ ಬೀಸಿದರು. ವಾಸನೆ ಹಿಡಿಯುವ ನಾಯಿಗಳನ್ನು ತಂದರು, ಮನೆಮನೆಯ ಅಂಗಳ ಹುಡುಕಿದರು. ಹತ್ತಿರ ಹತ್ತಿರ ನೂರು ಇಲಿ ಸಿಕ್ಕವು. ಆ ವರ್ಷವೇ ಕೊನೆಯದೂ ಸಿಕ್ಕಿತು. ಎರಡು ವರ್ಷ ಕಾದು ನೋಡಿ 2023ರಲ್ಲಿ ದ್ವೀಪದಲ್ಲಿ ಇಲಿ ಇಲ್ಲ ಅಂತ ಪ್ರಕಟಿಸಿದರು. ಮಕಾಂಬೊ ಹಡಗು ಬಂಡೆಗೆ ಬಡಿದು 105 ವರ್ಷ ಆಗಿತ್ತು.

ಹಾರಲಾರದ ಆ ಹಕ್ಕಿ ಈಗ ಸಾವಿರ ದಾಟಿದೆ. 2022ರಲ್ಲಿ ಇನ್ನೊಂದು ಸಂಗತಿ ನಡೆಯಿತು. ದ್ವೀಪದ ಒಂದು ಕೊಲ್ಲಿಯ ದಡದಲ್ಲಿ ಆಲದ ಜಾತಿಯ ದೊಡ್ಡ ಮರ ಇದೆ. ಅದರ ಬುಡದ ಕಲ್ಲನ್ನು ಒಬ್ಬ ವಿದ್ಯಾರ್ಥಿ ಎತ್ತಿ ನೋಡಿದಾಗ, ಕೊಳೆತ ಮರ ತಿಂದು ಮಣ್ಣಿಗೆ ಸಾರ ಸೇರಿಸುವ ಒಂದು ರೆಕ್ಕೆಯಿಲ್ಲದ ಜಿರಳೆ ಸಿಕ್ಕಿತು. 1930ರ ದಶಕದಿಂದ ಈಚೆಗೆ ದೊಡ್ಡ ದ್ವೀಪದಲ್ಲಿ ಅದನ್ನು ಕಂಡವರೇ ಇರಲಿಲ್ಲ. ಇಲಿಗೆ ಆಹಾರವಾಗಿ ಮುಗಿಯಿತು ಅಂತಲೇ ಲೆಕ್ಕ. ಅಷ್ಟು ವರ್ಷ ಆ ಒಂದು ಮರದ ಬುಡದಲ್ಲಿ ಅವು ಹೇಗೋ ಬದುಕಿಕೊಂಡಿದ್ದವು.

ಈಗ ದ್ವೀಪಕ್ಕೆ ಬರುವ ಮೂಟೆ, ಪೆಟ್ಟಿಗೆ, ಸಾಮಾನುಗಳನ್ನು ತಪಾಸಣೆ ಮಾಡಿಯೇ ಬಿಡುತ್ತಾರೆ. ಇಲಿಯ ವಾಸನೆ ಗುರುತಿಸುವಂತೆ ಪಳಗಿಸಿದ ನಾಯಿಗಳನ್ನು ಇಟ್ಟುಕೊಂಡಿದ್ದಾರೆ. ಮಕಾಂಬೊ ಹಡಗನ್ನು ಏರಿಸಿ ನಿಲ್ಲಿಸಿದ್ದ ಆ ನೆಡ್ ದಂಡೆಯಲ್ಲಿ ಪ್ರವಾಸಿಗರು ಮೊಣಕಾಲು ನೀರಿನಲ್ಲಿ ನಿಂತು ಮೀನಿಗೆ ತಿಂಡಿ ಹಾಕುತ್ತಾರೆ. ಹೊತ್ತು ಮುಳುಗಿದ ಮೇಲೆ, ಗೂಡು ಮಾಡುವ ಕಾಲವಾದರೆ, ದಂಡೆಯ ಹಿಂದಿನ ತೋಪಿಗೆ ಕಡಲಹಕ್ಕಿಗಳು ಒಂದೊಂದಾಗಿ ಬಂದು ತಮ್ಮ ಬಿಲಗಳ ಬಾಯಲ್ಲಿ ಇಳಿಯುತ್ತವೆ.